ಶಾಂತಾ ಕಾಕು ಏನೂ ಮಾತಾಡಿಲ್ಲ

ಮೊನ್ನೆ ಶನಿವಾರ ಸೊಲ್ಲಾಪುರದಿಂದ ಅಪ್ಪ ಹೊಸ ಫೋನಿನಲ್ಲಿ ಮಾತಾಡಿದರು. ನಿಮ್ಮ ಮನೆಯಲ್ಲೂ ಹೀಗೇ ಇರಬಹುದು, ಅಪ್ಪ ಫೋನು ಹಿಡಿದರೆ ಅರ್ಧ ಮಾತು ಅವರದು, ಉಳಿದರ್ಧ ಹಿಂದೆ ನಿಂತ ಅಮ್ಮನದು. ಈ ಹೊಸ ಫೋನು ಹಿಂದಿನ ಸದ್ದನ್ನೆಲ್ಲ ತಾನೇ ಅಳಿಸಿಬಿಡುತ್ತದಂತೆ. ಅಮ್ಮನ ಒಂದು ಮಾತೂ ನನಗೆ ಕೇಳಲಿಲ್ಲ. ಅಪ್ಪ ಮಾತ್ರ ನಡುನಡುವೆ "ಹೂಂ, ಅದನ್ನೂ ಹೇಳ್ತೀನಿ ತಡಿ" ಎಂದು ಯಾರಿಗೋ ಅನ್ನುತ್ತಿದ್ದರು. ನನಗೆ ರೇಗಿಹೋಯಿತು. ಈ ಸದ್ದು ಅಳಿಸುವ ಕೆಲಸವನ್ನು ಒಂದು ಕಾಲಕ್ಕೆ ನಾನೇ ಕೈಯಾರೆ ಮಾಡಿದ್ದೆ.

ಆಗ ನಾನು ಎಂ.ಎ. ಓದುತ್ತಿದ್ದೆ. ಪುಣೆಯ ವಿಶ್ವವಿದ್ಯಾಲಯವೊಂದರ ದಾಖಲಾಗಾರದಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು. ಬಿಳಿ ಕೈಗವಸು ತೊಟ್ಟು ಹಳೇ ಕಾಗದಗಳನ್ನು ಹೂವಿನಂತೆ ಎತ್ತಿಡುವ ನನ್ನನ್ನು ನಾನೇ ಕಲ್ಪಿಸಿಕೊಂಡು ಹೋಗಿದ್ದೆ. ಕೊಟ್ಟದ್ದು ಮೆತ್ತೆ ಹರಿದ ಒಂದು ಹೆಡ್‌ಫೋನು. ಹೊರಗಿನಿಂದ ಬಂದು ಪುಣೆಯಲ್ಲಿ ಊಟದ ಅಂಗಡಿ ಇಟ್ಟವರ ಮಾತನ್ನು ಧ್ವನಿಮುದ್ರಿಸಿ ಕಾಪಿಡುವ ಯೋಜನೆ ನಡೆದಿತ್ತು. ಕನ್ನಡ ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ಧನಕವಡಿ ಬಡಾವಣೆಯ ಗುರಪ್ಪ ಕಾಕಾ ನನ್ನ ಪಾಲಿಗೆ ಬಂದರು. ಅವರ ಖಾನಾವಳಿಯ ಜೋಳದ ರೊಟ್ಟಿ ನಾನು ವಾರಕ್ಕೊಮ್ಮೆ ತಿನ್ನುತ್ತಿದ್ದದ್ದೇ. ಇದಕ್ಕಿಂತ ಸುಲಭದ ಕೆಲಸವಿಲ್ಲ ಎಂದುಕೊಂಡೆ. ನನ್ನ ಅಂದಾಜುಗಳು ಯಾವತ್ತೂ ಹೀಗೇ.

ಮಧ್ಯಾಹ್ನ ಗಿರಾಕಿಗಳು ಹೋದ ಮೇಲೆ ಕಾಕಾ ಇಸ್ತ್ರಿ ಅಂಗಿ ತೊಟ್ಟು ಹೊರಗೆ ಕೂತರು. ಅವರ ಹೆಂಡತಿ ಶಾಂತಾ ಕಾಕು ಒಳಗೆ ಶೇಂಗಾ ಹುರಿಯುತ್ತಿದ್ದರು.

"ನಾ ಪುಣೆಕ್ಕ ಬಂದಾಗ ಕೈಯಾಗ ಏನೂ ಇರಲಿಲ್ಲ," ಎಂದು ಕಾಕಾ ಶುರು ಮಾಡಿದರು.

"ಯಾಕ ಇರಲಿಲ್ಲ? ನಮ್ಮವ್ವ ಕೊಟ್ಟ ರೊಟ್ಟಿ ಹಂಚು ಇತ್ತಲ್ಲ," ಒಳಗಿನಿಂದ ಬಂತು.

"ಹೌದು, ಹಂಚಿತ್ತು. ಮೊದಲ ಇಲ್ಲೇ ಧನಕವಡಿಯೊಳಗ ಅಂಗಡಿ ಹಾಕಿದ್ವಿ."

"ಮೊದಲ ಭೋಸರಿಯೊಳಗ. ಕಾರ್ಖಾನಿ ಹುಡುಗೂರು ಪಾಳಿ ಮುಗಿಸಿ ಬರ್ತಿದ್ರು, ಮರತ್ರೇನು?"

"ಅದೂ ಖರೆ."

ಕಡೆಯವರೆಗೂ ಇದೇ ಹಾಡು. ಕಾಕಾ ಒಂದು ವಾಕ್ಯ ಮುಗಿಸುವುದರೊಳಗೆ ಒಳಗಿನಿಂದ ತಿದ್ದುಪಡಿ. ತಡೆಯಲಾರದೆ ನಾನು, "ಕಾಕೂ, ನೀವೂ ಹೊರಗ ಬಂದು ಕೂಡ್ರಿ," ಎಂದೆ. "ನಂದೇನು ಕೆಲಸ ಅಲ್ಲಿ? ಮಾತು ಅವರದು," ಎಂಬ ಉತ್ತರ ಬಂತು.

ದಾಖಲಾಗಾರದ ಮ್ಯಾಡಮ್‌ಗೆ ಕನ್ನಡ ಬಾರದು, ಎಣಿಕೆ ಬರುತ್ತದೆ. ಹೆಡ್‌ಫೋನು ಹಾಕಿಕೊಂಡು ಸ್ವಲ್ಪ ಕೇಳಿ, "ಆವಾಜ ದೋನ, ಸಹೀ ಏಕ. ಚಾಲಣಾರ ನಾಹೀ," ಎಂದು ಕೆಳಗಿಟ್ಟರು. ಎರಡು ದನಿಗೆ ಒಂದೇ ಸಹಿ ನಡೆಯುವುದಿಲ್ಲ. ಯಾರ ದನಿ ಇದೆಯೋ ಅವರೆಲ್ಲರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು.

ಅಷ್ಟೇ ತಾನೆ ಎಂದು ಪತ್ರ ಹಿಡಿದು ಓಡಿದೆ. ಕಾಕು ಅದನ್ನು ಮುಟ್ಟಲೂ ಇಲ್ಲ. "ನಾ ಏನರೆ ಮಾತಾಡೀನೇನು, ಸಹಿ ಮಾಡಲಿಕ್ಕೆ?"

ಅವರದೇ ದನಿಯನ್ನು ಅವರಿಗೆ ಕೇಳಿಸಿದೆ. ಪೂರ್ತಿ ಕೇಳಿ, "ಇದು ಮಾತಲ್ಲ ತಂಗಿ. ಅವರು ತಪ್ಪು ಹೇಳಲಿಕ್ಕತ್ತಿದ್ರು, ತಿದ್ದೀನಿ ಅಷ್ಟ," ಎಂದರು. ಜೀವಮಾನದಲ್ಲಿ ಮೊದಲ ಸಲ ಗಂಡ ಹೆಂಡತಿ ಒಂದಾದರು. ಕಾಕಾ ಕೂಡ, "ಇಕಿ ಮಾತಾಡಿಲ್ಲ ಬಿಡವಾ," ಎಂದರು. ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಮ್ಯಾಡಮ್ ಸುಲಭದ ದಾರಿ ಹೇಳಿದರು: ಆ ಹೆಂಗಸಿನ ದನಿ ಕತ್ತರಿಸು. ನನ್ನ ಪ್ರಮಾಣಪತ್ರ ಅದರ ಮೇಲೆ ನಿಂತಿತ್ತು, ಅದು ಹಾಗಿರಲಿ. ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಆ ಖಾನಾವಳಿಯ ನಿಜವಾದ ಕತೆಯೆಲ್ಲ ಇದ್ದದ್ದು ಅಡುಗೆಮನೆಯಿಂದ ಬಂದ ಮಾತಿನಲ್ಲಿ. ಅದು ಹೋದರೆ ನಾಳೆ ಕೇಳುವವರ ಪಾಲಿಗೆ ಕಾಕು ಹುಟ್ಟಿಯೇ ಇಲ್ಲ. ಕಾಕುಗೆ ಅದರ ಪರಿವೆಯೇ ಇರಲಿಲ್ಲ. ಹಲ್ಲು ಕಚ್ಚಿ ಮೂರು ದಿನ ಕೂತು ಕತ್ತರಿಸಿದೆ.

ಮಾತಾಡಿದವರು ಕೊನೆಯ ಪ್ರತಿ ಕೇಳಿ ಒಪ್ಪಬೇಕೆಂಬುದು ಇನ್ನೊಂದು ನಿಯಮ. ಮತ್ತೆ ಧನಕವಡಿಗೆ ಹೋದೆ. ಕಾಕಾ ಎದುರು ಕೂತರು, ಕಾಕು ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತರು. ನಾನು ಧ್ವನಿಮುದ್ರಿಕೆ ಹಚ್ಚಿದೆ.

ಏನೂ ಇರಲಿಲ್ಲ, ಎಂದಿತು ಕಾಕಾನ ದನಿ. ಆಮೇಲೆ ಸುಮ್ಮನಾಯಿತು. ಹೌದು, ಹಂಚಿತ್ತು, ಎಂದಿತು. ಮತ್ತೆ ಸುಮ್ಮನಾಯಿತು. ಅದೂ ಖರೆ, ಎಂದು ಯಾರೂ ಇಲ್ಲದ ಕಡೆಗೆ ಒಪ್ಪಿಕೊಂಡಿತು.

ಕಾಕಾ ತಲೆ ತಗ್ಗಿಸಿ ಕೂತಿದ್ದರು. "ಬಂದ್ ಮಾಡವಾ," ಎಂದರು ಕಾಕು. ಆಮೇಲೆ ಮೆಲ್ಲಗೆ, "ನಾ ಹೋದ ಮ್ಯಾಲ ಹಿಂಗ ಮಾತಾಡ್ತಾರ ನೋಡು ಇವರು."

ಕಾಕುವೇ ಬಂದು ಒಪ್ಪಿಗೆ ಪತ್ರ ಎಳೆದುಕೊಂಡು ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. "ಅದನ್ನ ಅಳಸು. ಮೊದಲಿನದನ್ನ ಇಡು."

"ತಾರೀಖು ಹಾಕು," ಎಂದರು ಕಾಕಾ.

"ಗೊತ್ತದ," ಎಂದರು ಕಾಕು.

ಎರಡೂ ದನಿಗಳು ಈಗ ದಾಖಲಾಗಾರದಲ್ಲಿವೆ. ನನಗೆ ಸಿಕ್ಕ ಪ್ರಮಾಣಪತ್ರದಲ್ಲಿ ಮ್ಯಾಡಮ್ ನನ್ನನ್ನು ತಾಳ್ಮೆಯ ಹುಡುಗಿ ಎಂದು ಬರೆದಿದ್ದಾರೆ. ಅದನ್ನು ನಮ್ಮ ಮನೆಯಲ್ಲಿ ಯಾರಿಗೂ ತೋರಿಸಿಲ್ಲ.

ಅಪ್ಪನ ಕರೆಯಿಂದ ಮನಸ್ಸು ಕೆಟ್ಟು, ಮರುದಿನ ಭಾನುವಾರ ಧನಕವಡಿಗೆ ಊಟಕ್ಕೆ ಹೋದೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಇವತ್ತಿಗೂ ನನಗೆ ಆಗಿಬರುವುದಿಲ್ಲ, ತಲೆ ಸಿಡಿಯುತ್ತದೆ. ಕಾಕಾ ರೊಟ್ಟಿ ಬಡಿಸುತ್ತ ಬಾರಾಮತಿಯ ಯಾವುದೋ ಮದುವೆಗೆ ಅಡುಗೆ ಮಾಡಿದ ಕತೆ ತೆಗೆದರು. "ಐನೂರು ಮಂದಿ," ಎಂದರು.

ಒಳಗಿನಿಂದ ಏನೂ ಬರಲಿಲ್ಲ.

ಕಾಕಾ ಮಾತು ನಿಲ್ಲಿಸಿ ಅಡುಗೆಮನೆಯ ಕಡೆ ನೋಡಿದರು. ತುತ್ತು ಕೈಯಲ್ಲೇ ಹಿಡಿದು ನಾನೂ ನೋಡಿದೆ.

"ಏನ್ ನೋಡ್ತೀರಿ ಇಬ್ಬರೂ? ಬಾಯಾಗ ತುತ್ತದ, ನುಂಗಬ್ಯಾಡೇನು ನಾ?" ಎಂದಿತು ಒಳಗಿನ ದನಿ. "ಮುನ್ನೂರು ಮಂದಿ."