ರಾಗಿ ಸರಿಯ ಕಬ್ಬಿಣ

ಚಾಮರಾಜಪೇಟೆಯಲ್ಲಿ ನಾನು ಕೆಲಸ ಮಾಡುವ ಪರೀಕ್ಷಾಲಯಕ್ಕೆ ಕಳೆದ ವರ್ಷ ಅಮ್ಮನ ವಯಸ್ಸಿನ ಒಬ್ಬ ಹೆಂಗಸು ಕೂಸುಗಳಿಗೆ ಕೊಡುವ ರಾಗಿ ಸರಿಯ ಪುಡಿ ತಂದರು. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಗಿರಣಿಯಲ್ಲಿ ಬೀಸಿಸಿದ್ದು. ಗಾಂಧಿ ಬಜಾರಿನ ಅಂಗಡಿಯೊಂದು ಅವರ ಪೊಟ್ಟಣಗಳನ್ನು ಇಡಲು ಒಪ್ಪಿತ್ತು, ಆದರೆ ಕಬ್ಬಿಣ, ಸತು ಎಷ್ಟಿದೆಯೆಂಬ ವರದಿ ಕೇಳಿತ್ತು. ಅವರು ಅಂಗಡಿಗೆ ಮಾರಲು ಹೊರಟದ್ದು ಅದೇ ಮೊದಲು.

ಒಂದು ಪೊಟ್ಟಣದಿಂದ ಮೂರು ಪಾಲು ತೂಗಿ, ಆಸಿಡ್ಡಿನಲ್ಲಿ ಕರಗಿಸಿ, ಯಂತ್ರಕ್ಕೆ ಕೊಡುತ್ತೇವೆ. ಮೂರೂ ಹೆಚ್ಚುಕಡಿಮೆ ಒಂದೇ ಅಂಕಿ ಹೇಳಬೇಕು. ಸತು ಹೇಳಿತು. ಕಬ್ಬಿಣ ಮೂರು ಬಗೆ ಹೇಳಿತು, ಮೂರೂ ಅತಿ ಹೆಚ್ಚು. ಮಾರನೆಯ ದಿನ ಮತ್ತೆ ಮೂರು ಪಾಲು, ಅದರ ಮಾರನೆಯ ದಿನ ಮತ್ತೆ ಮೂರು. ಪುಡಿ ಹಾಕದೆ ಬರೀ ಆಸಿಡ್ ಓಡಿಸಿದೆ, ಅದು ಶುದ್ಧವಾಗಿತ್ತು. ಮೇಲಧಿಕಾರಿ ಅಂಕಿಗಳನ್ನು ನೋಡಿ, ರಾತ್ರಿ ನಿದ್ದೆ ಆಗುತ್ತಿದೆಯೇ ಎಂದು ಕೇಳಿದರು. ಆಗುತ್ತಿರಲಿಲ್ಲ, ಆದರೆ ತಪ್ಪು ಅಲ್ಲಿರಲಿಲ್ಲ.

ನಾಲ್ಕನೆಯ ದಿನ ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಸುತ್ತಿ ಪುಡಿಯೊಳಗೆ ಆಡಿಸಿದೆ. ತುದಿಯಲ್ಲಿ ಕಪ್ಪು ನವಿರು ಎದ್ದು ನಿಂತಿತು.

ಅವರನ್ನು ಕರೆಸಿ, ಕಬ್ಬಿಣ ಹೆಚ್ಚಿದೆ ಎಂದೆ. ಮುಖ ಅರಳಿತು.

"ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ ಮೇಡಂ? ಮಕ್ಳಿಗೆ ರಕ್ತ ಆಗುತ್ತೆ."

"ಇದು ರಾಗೀದಲ್ಲಮ್ಮ, ಗಿರಣಿ ಮಿಷಿನ್ದು."

ಹೇಗೆ ಬೀಸಿಸುತ್ತೀರಿ ಎಂದು ಕೇಳಿದೆ. ಬೇರೆಯವರ ಮೆಣಸಿನಕಾಯಿ, ಗೋಧಿ ಸೋಕದಂತೆ ಬೆಳಗ್ಗೆ ಗಿರಣಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಲ್ಲುತ್ತಾರಂತೆ. ಗಿರಣಿಯವನು ಮೊದಲು ತನ್ನದೊಂದು ಹಿಡಿ ಅಕ್ಕಿ ಹಾಕಲು ಬಂದರೆ ತಡೆಯುತ್ತಾರಂತೆ. ಎಳೆಮಕ್ಕಳ ಹೊಟ್ಟೆಗೆ ಹೋಗುವುದರಲ್ಲಿ ಇನ್ಯಾರದೋ ಅಕ್ಕಿ ಯಾಕೆ?

ಖಾಲಿ ತಿರುಗುವಾಗ ಗಿರಣಿಯ ಕಬ್ಬಿಣದ ತಟ್ಟೆಗಳು ಒಂದನ್ನೊಂದು ಸವೆಸುತ್ತವೆ. ಹಾಗೆ ಉದುರಿದ ಚೂರನ್ನು ಹೊತ್ತು ಹೋಗುವುದೇ ಆ ಅಕ್ಕಿಯ ಕೆಲಸ. ಆದಷ್ಟು ಮೆತ್ತಗೆ ಹೇಳಿದೆ. ಅವರು ಅಯಸ್ಕಾಂತವನ್ನೇ ನೋಡುತ್ತ ಕುಳಿತರು.

"ನಮ್ ಬೀದೀಲಿ ಎರಡು ಮನೆಗೆ ಕೊಟ್ಬಿಟ್ಟಿದೀನಿ."

"ವಾಪಸ್ ತಗೊಳ್ಳಿ. ಮಗೂನ ಡಾಕ್ಟ್ರಿಗೂ ಒಂದ್ಮಾತು ಹೇಳೋಕೆ ಹೇಳಿ."

"ಹೆಂಗಮ್ಮಾ ಕೇಳ್ಲಿ? ಯಾರ ಕೈನೂ ಸೋಕಿಲ್ಲ ಅಂತ ನಾನೇ ಹೇಳಿ ಕೊಟ್ಟಿದ್ದು."



ಹತ್ತು ದಿನದ ಮೇಲೆ ಹೊಸ ಪೊಟ್ಟಣ ತಂದರು. ಈ ಸಲ ಅಕ್ಕಿ ಹಾಕಿಸಿ, ಆಮೇಲೆ ತಮ್ಮದೇ ಒಂದು ಸೇರು ರಾಗಿ ಬೀಸಿಸಿ ಚೆಲ್ಲಿ, ಅದಾದ ಮೇಲೆ ಸರಿಯ ರಾಗಿ ಹಾಕಿದ್ದರು. ಎರಡೂ ಮನೆಯಿಂದ ಪುಡಿ ವಾಪಸ್ ಬಂದಿತ್ತು. ಮಕ್ಕಳು ಚೆನ್ನಾಗಿದ್ದರು. ಒಂದು ಮನೆಯವರು ಮಾತು ಬಿಟ್ಟಿದ್ದರು.

ಮೂರೂ ಪಾಲು ಒಂದೇ ಅಂಕಿ ಹೇಳಿದವು. ಚಿಕ್ಕ ಅಂಕಿ.

"ಇಷ್ಟೇನಾ?" ಎಂದರು.

"ರಾಗೀಲಿರೋದು ಇಷ್ಟೇ."

ಅಂಗಡಿಯವರು ಏನನ್ನುತ್ತಾರೋ ಎನ್ನುತ್ತ ವರದಿ ತೆಗೆದುಕೊಂಡು ಹೋದರು.

ತಿಂಗಳಾದ ಮೇಲೆ ಒಂದು ಸಂಜೆ ಆ ಅಂಗಡಿಗೆ ಹೋಗಿದ್ದೆ. ಅವರ ಪೊಟ್ಟಣಗಳು ಕೆಳಗಿನ ಸಾಲಿನಲ್ಲಿದ್ದವು. ಚೀಟಿಯ ಮೇಲೆ ನಾವು ಕೊಟ್ಟ ಅಂಕಿಯೇ ಇತ್ತು, ಒಂದಿಷ್ಟೂ ಏರಿಸದೆ. ಪಕ್ಕದ ಡಬ್ಬಗಳ ಮೇಲೆ ಅದಕ್ಕಿಂತ ದೊಡ್ಡ ಅಂಕಿಗಳು. ಕಂಕುಳಲ್ಲಿ ಮಗುವಿದ್ದ ಒಬ್ಬಾಕೆ ಬಗ್ಗಿ ಒಂದು ಪೊಟ್ಟಣ ತೆಗೆದು, ಚೀಟಿ ಓದಿ, ಇದ್ದಲ್ಲಿಯೇ ಇಟ್ಟಳು.