ಆಪರೇಷನ್ ಜೀಪಿನಲ್ಲಿ ಅಜ್ಜ

ಮಧ್ಯಾಹ್ನ ಎರಡೂಕಾಲಿಗೆ ಅಜ್ಜ ಹಿತ್ತಲಿನಿಂದ ಬಂದು, ಬೆಳಗಿನಿಂದ ಮೂತ್ರವೇ ಆಗಿಲ್ಲ ಎಂದರು. ಅಜ್ಜಂಪುರದಿಂದ ಎರಡು ಮೈಲಿ ದೂರದ ನಮ್ಮೂರಿನಲ್ಲಿ ಡಾಕ್ಟರು ಇರಲಿಲ್ಲ. ಸಲಹೆ ಕೊಡುವವರಿಗೆ ಮಾತ್ರ ಬರವಿರಲಿಲ್ಲ. ಜಗುಲಿ ತುಂಬ ಗಂಡಸರು ಬಂದು ಕೂತರು.

"ಉಷ್ಣ ಕಣ್ರೀ, ಎಳನೀರು ಕುಡ್ಸಿ."

"ಬಾರ್ಲಿ ನೀರು ಕೊಡಿ. ನಮ್ಮಪ್ಪಂಗೂ ಹಿಂಗೇ ಆಗಿತ್ತು."

"ಆಮೇಲೆ?"

"ಆಮೇಲೇನು, ಹೋಗ್ಬಿಟ್ರು."

ಹೋದವರ ಮದ್ದೇ ಇದ್ದವರಿಗೂ ಆಯಿತು. ತೂಬು ಮುಚ್ಚಿದ ಕೆರೆಗೆ ಮತ್ತೆ ಮತ್ತೆ ನೀರು ಬಿಟ್ಟಂತೆ ಅಜ್ಜನಿಗೆ ಕುಡಿಸಿದ್ದೇ ಕುಡಿಸಿದ್ದು. ಸಂಜೆಯ ಹೊತ್ತಿಗೆ ಕಿಬ್ಬೊಟ್ಟೆ ಉಬ್ಬಿ, ಮುಟ್ಟಿದರೆ ಜೀವ ಹೋಗುವಂತೆ ನರಳತೊಡಗಿದರು. ಬಿ.ಎ. ಓದುತ್ತಿದ್ದ ನಾನು ರಜಕ್ಕೆ ಬಂದಿದ್ದೆ. ಕಡೂರಿನ ಆಸ್ಪತ್ರೆಗೆ ಒಯ್ಯಲು ಗಾಡಿ ತರಲೆಂದು ಅಮ್ಮ ನನ್ನನ್ನು ಅಜ್ಜಂಪುರಕ್ಕೆ ಓಡಿಸಿದಳು.

ಅಲ್ಲಿದ್ದ ಬಾಡಿಗೆ ಕಾರು ಮದುವೆ ದಿಬ್ಬಣದ ಜೊತೆ ತರೀಕೆರೆಗೆ ಹೋಗಿತ್ತು. ನಿಂತಿದ್ದದ್ದು ಕುಟುಂಬ ಯೋಜನೆಯ ಜೀಪು. ತುರ್ತು ಪರಿಸ್ಥಿತಿಯ ಕಾಲ. ಹುಟ್ಟುವವರನ್ನು ತಡೆಯಲು ಸರ್ಕಾರ ಊರೂರಿಗೆ ಜೀಪು ಬಿಟ್ಟಿತ್ತು. ಸಾಯುವ ಮುದುಕರಿಗೆ ಒಂದು ಎತ್ತಿನ ಗಾಡಿಯನ್ನೂ ಇಟ್ಟಿರಲಿಲ್ಲ. ಡ್ರೈವರಿಗೆ ಕೈಮುಗಿದೆ. "ಹತ್ತಮ್ಮ, ಅಳ್ಬೇಡ" ಎಂದ.

ಜೀಪು ಊರೊಳಗೆ ಬಂದದ್ದೇ ತಡ, ಜಗುಲಿಯ ಧನ್ವಂತರಿಗಳೆಲ್ಲ ಪಂಚೆ ಎತ್ತಿಕಟ್ಟಿ ಜೋಳದ ಹೊಲಕ್ಕೆ ನುಗ್ಗಿದರು. ಅಪ್ಪನೇ ಎಲ್ಲರಿಗಿಂತ ಮುಂದಿದ್ದ. ಹಿಡಿದು ಆಪರೇಷನ್ ಮಾಡಿಬಿಡುತ್ತಾರೆಂಬ ಹೆದರಿಕೆ ಸುಳ್ಳೇನಲ್ಲ. ಆದರೆ ಎಪ್ಪತ್ತು ದಾಟಿದ ಅಜ್ಜನೂ ಗೋಡೆ ಹಿಡಿದು ಓಡಲು ನೋಡಿದರು!

"ಬಿಡ್ರೇ ನನ್ನ! ಈ ವಯಸ್ಸಲ್ಲಿ ಮಾನ ಕಳೀತೀರೇನ್ರೇ?"

"ಮೊಮ್ಮಗಳು ಮದ್ವೆ ವಯಸ್ಸಿಗೆ ಬಂದವ್ಳೆ, ನಿಮ್ಗೆ ಆಪರೇಷನ್ ಮಾಡಿ ಯಾವ ಸರ್ಕಾರ ಉದ್ಧಾರ ಆಗ್ಬೇಕು? ಸುಮ್ನೆ ನಡೀರಿ!" ಎಂದು ಅಜ್ಜಿ ಗದರಿದರು. ಎತ್ತಲು ಊರಿನ ಒಬ್ಬ ಗಂಡಸೂ ಇರಲಿಲ್ಲ. ಅಜ್ಜಿ, ಅಮ್ಮ, ನಾನು, ಪಕ್ಕದ ಮನೆಯಾಕೆ ಸೇರಿ ಜಮಖಾನದಲ್ಲಿ ಹೊತ್ತು ಜೀಪಿಗೆ ಹಾಕಿದೆವು.

ಜೀಪು ಗುಂಡಿಗೆ ಬಿದ್ದಾಗಲೆಲ್ಲ ಅಜ್ಜ ನರಳುತ್ತಿದ್ದರು. ಬೀರೂರು ದಾಟಿದ ಮೇಲೆ ಗುಂಡಿಗಳು ಬಂದವು, ನರಳಾಟ ಬರಲಿಲ್ಲ. ಇವತ್ತಿಗೂ ಯಾರಾದರೂ ಮಾತಿನ ನಡುವೆ ಸುಮ್ಮನಾದರೆ ನನ್ನ ಎದೆ ಧಸಕ್ಕೆನ್ನುತ್ತದೆ.

ಕಡೂರಿನಲ್ಲಿ ಡಾಕ್ಟರು ರಬ್ಬರಿನ ನಳಿಕೆ ಹಾಕಿ ಮೂತ್ರ ತೆಗೆದರು. ಬಾರ್ಲಿ ನೀರಿನ ಕಥೆ ಕೇಳಿ, "ಇನ್ನೆರಡು ಲೋಟ ಕುಡ್ಸಿದ್ರೆ ನನ್ನ ಹತ್ರ ತರೋ ತೊಂದ್ರೆ ಇರ್ತಿರ್ಲಿಲ್ಲ" ಎಂದರು. ಅಜ್ಜ ಕಣ್ಣು ಬಿಟ್ಟು ಮೊದಲು ಕೇಳಿದ್ದು: "ಕುಯ್ದಾಯ್ತಾ?"

ನಳಿಕೆಯ ಸಮೇತ ಊರಿಗೆ ಮರಳಿದಾಗ ಹೊಲದಿಂದ ಬಂದವರೆಲ್ಲ ಜಗುಲಿಯಲ್ಲಿದ್ದರು. "ನೋಡಿದ್ರಾ, ಬಾರ್ಲಿ ಕೆಲ್ಸ ಮಾಡ್ತು" ಎಂದರು.

ಆಮೇಲೆ ದಿನಾ ರಾತ್ರಿ ನಾವು ಹೆಂಗಸರು ಸರದಿಯ ಮೇಲೆ ಎದ್ದು, ನಳಿಕೆ ಕಟ್ಟಿಕೊಂಡಿತೇನೋ ಎಂದು ಅಜ್ಜನ ಹೊಟ್ಟೆ ಮುಟ್ಟಿ ನೋಡುತ್ತಿದ್ದೆವು. ಶಿವಮೊಗ್ಗದಲ್ಲಿ ಮೂತ್ರಕ್ಕೆ ಅಡ್ಡವಾಗಿದ್ದ ಗ್ರಂಥಿಯ ಆಪರೇಷನ್ ಆಗಿ, ನಳಿಕೆ ತೆಗೆಸಿಕೊಂಡು ಬಂದ ಭಾನುವಾರ, ಅಜ್ಜಿ ಹಾಸಿಗೆ ಹಾಸುತ್ತ, "ಇವತ್ತು ಯಾರೂ ಏಳ್ಬೇಡ್ರೇ, ಬೇಕಾದ್ರೆ ಅವ್ರೇ ಕೂಗ್ತಾರೆ" ಎಂದರು. ಅಜ್ಜ ಕೂಗಲಿಲ್ಲ. ನಾವೂ ಏಳಲಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಅಂಗಳಕ್ಕೆ ಬಂದಿತ್ತು, ಅಜ್ಜ ತಾವೇ ಹಿತ್ತಲಿಗೆ ಹೋಗಿ ಬರುತ್ತಿದ್ದರು.