ಮೂರನೇ ಕಿಟಕಿಯ ಗುಮಾಸ್ತರು
ನ್ಯಾಯಾಲಯದ ಮೂರನೇ ಕಿಟಕಿಯ ಗುಮಾಸ್ತರು ಕಂಪ್ಯೂಟರಿಗೆ ಸೇರಬೇಕಾದ ಯಾವ ದಾಖಲೆಯನ್ನೂ ಸರಿಯಾದ ಹೆಸರಿಲ್ಲದೆ ಒಳಗೆ ಬಿಟ್ಟವರಲ್ಲ. ಮೊದಲು ಪ್ರಕರಣದ ಸಂಖ್ಯೆ, ಆಮೇಲೆ ದಾಖಲೆ ಏನೆಂಬುದು, ಕೊನೆಗೆ ತಾರೀಖು. "ಫೈನಲ್, ಹೊಸ ಫೈನಲ್, ಇದೇ ಫೈನಲ್ ಅಂತ ಫೈಲಿಗೆ ಹೆಸರಿಟ್ಟು ಕಳಿಸ್ತೀರಲ್ಲ ವಕೀಲರೇ, ಮಕ್ಕಳಿಗೂ ಹೀಗೇ ಹೆಸರಿಟ್ಟಿದ್ದೀರಾ?" ಎಂದು ಹಿರಿಯ ವಕೀಲರನ್ನೂ ಸಾಲಿನ ಕೊನೆಗೆ ಅಟ್ಟುತ್ತಾರೆ. ಮನೆಯ ಉಪ್ಪಿನ ಡಬ್ಬಿಗೂ ತಾರೀಖು ಅಂಟಿಸುತ್ತಾರಂತೆ. ಮೊನ್ನೆ ಒಬ್ಬ ಅಜ್ಜಿ ಬಂದರು. ಮೊಮ್ಮಗಳು ಯಾರ ಬಳಿ ಬೆಳೆಯಬೇಕೆಂಬ ವಿಚಾರಣೆ ಮರುದಿನವೇ ಇತ್ತು. "ಮಗು ನಿನ್ನ ಹತ್ರಾನೇ ಇರಲಿ ಅಮ್ಮ" ಎಂದು ಮಗಳು ಸಾಯುವ ಮುಂಚೆ ಆಡಿದ್ದ ಮಾತಿನ ರೆಕಾರ್ಡಿಂಗ್ ಅವರ ಮೊಬೈಲಿನಲ್ಲಿತ್ತು. ಅದಕ್ಕೆ 'ನನ್ನ ಕಂದ' ಎಂದು ಹೆಸರಿಟ್ಟಿದ್ದರು. "ಈ ಹೆಸರು ಅಳಿಸಲೇಬೇಕಾ ಸ್ವಾಮಿ?" ಎಂದು ಅಜ್ಜಿ ಮೊಬೈಲನ್ನು ಕಿಟಕಿಯೊಳಗೆ ಚಾಚಿದರು. ಗುಮಾಸ್ತರು ಎದ್ದು ನಿಂತರು. "ಕೋರ್ಟಿಗೆ ಹೋಗೋ ಪ್ರತಿಗೆ ಮಾತ್ರ ನಮ್ಮ ಕ್ರಮದ ಹೆಸರು. ನಿಮ್ಮದು ಹಾಗೇ ಇರಲಿ ತಾಯಿ" ಎಂದು ಮೊಬೈಲನ್ನು ಎರಡೂ ಕೈಯಲ್ಲಿ ಹಿಂದಿರುಗಿಸಿದರು.